ಉಣುಗಿನ ಹೊಟ್ಟೆ ಬಿಡಿಸುತ್ತಿದ್ದ ಗ್ಲಾಡಿಸ್ ಅಕ್ಕ

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ, ಕೇಳಿ: ನಮ್ಮ ಗ್ಲಾಡಿಸ್ ಅಕ್ಕ ನಾಯಿ ಸಿಕ್ಕಿದರೆ ತಲೆ ಸವರುತ್ತಿರಲಿಲ್ಲ, ಕಿವಿ ಮಗುಚಿ ಒಳಗೆ ಇಣುಕುತ್ತಿದ್ದರು. ಪರ್ಕಳ ಪೇಟೆಯ ನಾಯಿಗಳೆಲ್ಲ ಅವರನ್ನು ಕಂಡರೆ ತಾವೇ ಬಂದು ಕಿವಿ ಕೊಟ್ಟು ಸಾಲಾಗಿ ನಿಲ್ಲುತ್ತಿದ್ದವು. ಸರಿ, ಸಾಲು ನಾನು ಸೇರಿಸಿದ್ದು.

ಅವರು ನಮ್ಮ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದರು. ಊರು ಶಂಕರಪುರ, ಮಣಿಪಾಲದ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ. ಎಂತದರ ಬಗ್ಗೆ ಎಂದು ನನ್ನ ಅಮ್ಮ, ನಮ್ಮಲ್ಲಿ ಉಮ್ಮ, ಕೇಳಿದಾಗ "ರಕ್ತದ ಬಗ್ಗೆ" ಎಂದಿದ್ದರು. ಸುಳ್ಳಲ್ಲ. ಆ ರಕ್ತ ಉಣುಗಿನ ಹೊಟ್ಟೆಯೊಳಗಿತ್ತು, ಅಷ್ಟೇ. ದನ, ನಾಯಿಗಳ ಮೈ ಕಚ್ಚಿಕೊಂಡು ರಕ್ತ ಹೀರುವ, ಕಾಡಿನಲ್ಲಿ ಮಂಗನ ಕಾಯಿಲೆ ಹಂಚುವ ಅದೇ ಉಣುಗು. ಆ ಶಬ್ದ ಕಿವಿಗೆ ಬಿದ್ದದ್ದೇ ಹಿಂದಿನ ಇಬ್ಬರು ಮನೆಯವರು ಅವರನ್ನು ಹೊರಗೆ ಹಾಕಿದ್ದರು.

"ಸಫಾ, ಥೀಸಿಸ್ ಕೊಡುವವರೆಗೆ ನಿನ್ನ ಉಮ್ಮನಿಗೆ ಗೊತ್ತಾಗಬಾರದು. ಮೂರನೇ ಸಲ ಪೆಟ್ಟಿಗೆ ಹೊರಲಿಕ್ಕೆ ನನ್ನಿಂದ ಆಗುವುದಿಲ್ಲ ಮಾರಾಯ್ತಿ," ಎಂದು ನನ್ನಿಂದ ಆಣೆ ಹಾಕಿಸಿದ್ದರು. ಗುಟ್ಟು ಕಾಪಾಡುವುದರಲ್ಲಿ ಇಡೀ ಜಿಲ್ಲೆಗೆ ನಾನೇ ಫಸ್ಟ್ ಎಂದು ಆಗ ನಂಬಿದ್ದೆ.

ಸಣ್ಣದಿರುವಾಗ ಮಲ್ಲಿಗೆ ಕಟ್ಟಿ ಪಳಗಿದ ಬೆರಳು ಅವರದ್ದು. ಬಾಳೆನಾರಿನಲ್ಲಿ ಮೊಗ್ಗು ಕೂರಿಸುವ ನಾಜೂಕಿನಲ್ಲೇ ಎಳ್ಳಿನಷ್ಟಿರುವ ಉಣುಗಿನ ಬೆನ್ನು ಬಿಡಿಸಿ ಕರುಳು ತೆಗೆಯುತ್ತಿದ್ದರು. ಒಮ್ಮೆ ಲ್ಯಾಬಿಗೆ ಕರೆದೊಯ್ದು ನನಗೂ ತೋರಿಸಿದರು. ಮೈಕ್ರೋಸ್ಕೋಪಿನ ಕೆಳಗೆ ಆ ಕರುಳು ಕವಲು ಕವಲಾಗಿ, ಕಡುಕೆಂಪಾಗಿ ಹರಡಿತ್ತು. ನಾನು ತಲೆ ತಿರುಗಿ ಬೀಳಲಿಲ್ಲ. ಸ್ಟೂಲು ಜಾರಿತು.

"ನಮ್ಮ ಹೊಟ್ಟೆ ಗ್ರೈಂಡರ್, ಬಿದ್ದದ್ದನ್ನೆಲ್ಲ ಅರೆಯುತ್ತದೆ," ಎಂದರು ನನ್ನನ್ನು ಎಬ್ಬಿಸುತ್ತಾ. "ಇದರದ್ದು ಪಂಕ್ತಿ ಊಟ. ರಕ್ತ ನಡುವಿನಲ್ಲಿ ಉಂಟು. ಗೋಡೆಯುದ್ದಕ್ಕೂ ಕೂತ ಜೀವಕೋಶಗಳು ಒಂದೊಂದೇ ತುತ್ತು ಒಳಗೆಳೆದುಕೊಂಡು ಅಲ್ಲೇ ಅರಗಿಸುವುದು. ಅರ್ಜೆಂಟೇ ಇಲ್ಲ."

"ಹಾಗಾದರೆ ರಕ್ತದೊಟ್ಟಿಗೆ ಬಂದ ರೋಗಾಣು?"

"ಅರೆಯುವವರೇ ಇಲ್ಲವಲ್ಲ, ಆರಾಮ ಕೂತಿರುತ್ತದೆ. ಆದರೆ ಅಲ್ಲಿ ಮೊದಲೇ ಸೀಟು ಹಿಡಿದ ಬ್ಯಾಕ್ಟೀರಿಯಾಗಳು ಉಂಟು. ಅವು ಕೆಲವು ರೋಗಾಣುಗಳಿಗೆ ದಾರಿ ಬಿಡುತ್ತವೆ, ಕೆಲವಕ್ಕೆ ಇಲ್ಲ. ಗೋಡೆ ದಾಟಿದ್ದು ಎಂಜಲಿನ ಗ್ರಂಥಿಯಲ್ಲಿ ಕಾಯುತ್ತದೆ. ಉಣುಗು ಮುಂದಿನ ಊಟಕ್ಕೆ ಕೂತಾಗ ಸೀದಾ ನಮ್ಮ ಮೈಗೆ. ಯಾವುದು ದಾಟುತ್ತದೆ, ಯಾಕೆ ದಾಟುತ್ತದೆ? ಅದೇ ನನ್ನ ಥೀಸಿಸ್."

"ಮುಂದಿನ ಊಟ ಯಾವಾಗ?"

"ಹುಟ್ಟಿ ಸಾಯುವುದರೊಳಗೆ ಹೆಚ್ಚಿನವಕ್ಕೆ ಮೂರೇ ಊಟ. ನಿನ್ನ ಹಾಗೆ ಸಂಜೆಗೆ ಗೋಳಿಬಜೆ ಎಲ್ಲ ಇಲ್ಲ."

ಉಣುಗು ಹಿಡಿಯಲಿಕ್ಕೆ ಅವರು ಕಾರ್ಕಳದ ಕಡೆಯ ಕಾಡಿಗೆ ಹೋಗಿ, ಬಿಳಿ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿ ತರಗೆಲೆಯ ಮೇಲೆ ಎಳೆಯುತ್ತಿದ್ದರು. ಯಾವುದೋ ಪ್ರಾಣಿ ಹೋಗುತ್ತಿದೆ ಎಂದುಕೊಂಡು ಉಣುಗುಗಳು ಹತ್ತಿಕೊಳ್ಳುತ್ತವೆ. ಹಿಡಿದದ್ದೆಲ್ಲ ಲ್ಯಾಬಿಗೆ. ಬಟ್ಟೆ ಮಾತ್ರ ಕುದಿಸಿ, ಒಗೆದು, ನಮ್ಮ ಟೆರೇಸಿನಲ್ಲಿ ಒಣಗಲಿಕ್ಕೆ.

ಕಳೆದ ವರ್ಷ ಒಂದು ಭಾನುವಾರ ಕಾಪುವಿನ ಮಾಮಿ ಊಟಕ್ಕೆ ಬಂದಿದ್ದರು. ಉಮ್ಮನಿಗೆ ಪಾಯಸಕ್ಕೆ ತೆಂಗಿನ ಹಾಲು ಹಿಂಡಲಿಕ್ಕೆ ಬಟ್ಟೆ ಬೇಕಾಯಿತು. ಟೆರೇಸಿನಲ್ಲಿ ಅಷ್ಟು ಬೆಳ್ಳಗಿನದ್ದು ಇನ್ನೊಂದಿರಲಿಲ್ಲ.

ಮಾಮಿ ಪಾಯಸ ಮೂರು ಸಲ ಹಾಕಿಸಿಕೊಂಡರು. ಊಟವಾಗಿ ಅವರು ಹೊರಟ ಮೇಲೆ ಅಡುಗೆಮನೆಯಲ್ಲಿ ಆ ಬಟ್ಟೆ ಕಂಡ ನಾನು ಮೆಟ್ಟಿಲು ಹಾರಿ ಹಾರಿ ಮೇಲೆ ಓಡಿದೆ.

ಸುದ್ದಿ ಕೇಳಿ ಗ್ಲಾಡಿಸ್ ಅಕ್ಕ ಬಿಳಿಚಿಕೊಂಡರು. "ಅರ್ಧ ಗಂಟೆ ಕುದಿಸಿದ್ದೇನೆ, ಎಂತ ಆಗುವುದಿಲ್ಲ," ಎಂದು ತಮಗೇ ಹೇಳಿಕೊಂಡರು. ಆಮೇಲೆ ದಿಂಬಿಗೆ ಮುಖ ಒತ್ತಿ ನಗಲಿಕ್ಕೆ ಶುರು, ನಾನೂ ಸೇರಿಕೊಂಡೆ. "ಮೆಲ್ಲ ಮಾರಾಯ್ತಿ, ಮೆಲ್ಲ! ಥೀಸಿಸ್ ಕೊಡಲಿಕ್ಕೆ ಇನ್ನು ಎರಡೇ ತಿಂಗಳು ಉಂಟು!"

ನೋಡುವವರು ನಕ್ಕರೆ ನನಗೆ ನಿಲ್ಲಿಸಲಿಕ್ಕೆ ಬರುತ್ತದಾ? ಬೆಡ್‌ಶೀಟು ಕಿತ್ತು ನೆಲದ ಮೇಲೆಳೆದು ಕಾರ್ಕಳದ ಕಾಡನ್ನೇ ರೂಮಿಗೆ ತಂದೆ. ಉಣುಗಾಗಿ ಹತ್ತಿದೆ. ಉಮ್ಮನಾಗಿ ಹಿಂಡಿದೆ. ಕೊನೆಗೆ ಮಂಚದ ಮೇಲೆ ನಿಂತು ಮಾಮಿಯ ದನಿಯಲ್ಲಿ, "ಇನ್ನೊಂದು ಸೌಟು ಹಾಕು ಮಾರಾಯ್ತಿ, ಉಣುಗಿನ ಬಟ್ಟೆಯ ಪಾಯಸ ಎಂತ ರುಚಿ!" ಎಂದು ಇಡೀ ಪರ್ಕಳಕ್ಕೆ ಕೇಳುವ ಹಾಗೆ ಕೂಗಿದೆ.

ಗ್ಲಾಡಿಸ್ ಅಕ್ಕನ ನಗು ನಿಂತಿತು. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ಬಾಗಿಲನ್ನು.

ಉಮ್ಮ ನಿಂತಿದ್ದರು. ಕೈಯಲ್ಲಿ ಗ್ಲಾಡಿಸ್ ಅಕ್ಕನಿಗೆಂದು ತೆಗೆದಿಟ್ಟಿದ್ದ ಪಾಯಸದ ಬಟ್ಟಲು. ಅದನ್ನು ಥೀಸಿಸಿನ ಕಾಗದಗಳ ಪಕ್ಕದಲ್ಲಿ ಮೆಲ್ಲಗೆ ಇಟ್ಟರು.

"ರೂಮು ಬಿಡಲಿಕ್ಕೆ ತಿಂಗಳ ಕೊನೆಯವರೆಗೆ ಸಮಯ ಉಂಟು, ಗ್ಲಾಡಿಸ್," ಎಂದರು. "ಸಫಾ, ನೀನು ಕೆಳಗೆ ಬಾ."