ಬೇರಿನಂಗಡಿಯ ಲಿನ್ ಆಂಟಿ

ಲಿನ್ ಆಂಟಿ ಬೇರು ಕತ್ತರಿಸುವಾಗ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಒಂದು ತುದಿಯನ್ನು ಹಲಗೆಗೆ ಕೀಲು ಹಾಕಿ ಬಿಗಿದ ಉದ್ದನೆಯ ಕತ್ತಿ; ಹಿಡಿ ಎತ್ತಿ ಇಳಿಸಿದರೆ ಕಟ್ಟಿಗೆಯಂಥ ಬೇರೂ ಕಾಗದದಷ್ಟು ತೆಳ್ಳಗೆ ಬೀಳುತ್ತಿತ್ತು. ಅವರ ಎಡಗೈ ತೋರುಬೆರಳಿನ ತುದಿ ಆ ಕತ್ತಿಗೇ ಹೋಗಿತ್ತು. ಕೇಳಿದರೆ, "ಅವತ್ತು ಸಿಟ್ಟಿನಲ್ಲಿದ್ದೆ," ಎನ್ನುತ್ತಿದ್ದರು, ಅಷ್ಟೆ.

ಇಂಗ್ಲೆಂಡಿನ ಸೆಲ್ಲಿ ಓಕ್‌ನಲ್ಲಿ ಅವರದು ಚೀನೀ ಔಷಧಿಯ ಅಂಗಡಿ. ಅದರ ಮೇಲಿನ ಫ್ಲ್ಯಾಟಿನಲ್ಲಿ ನಾನು ಮತ್ತು ನನ್ನ ಗಂಡ. ಮದುವೆಯಾಗಿ ಕುಂದಾಪುರದಿಂದ ಬಂದ ಮೂರನೇ ತಿಂಗಳಿಗೆ ಅವನು ಹೊಡೆಯಲು ಶುರುಮಾಡಿದ್ದ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಮ್ಮೆ, ಅಮ್ಮನಿಗೆ ಫೋನ್ ಮಾಡಿದೆನೆಂದು ಒಮ್ಮೆ. ಡಾಕ್ಟರಿಗೆ, ಮೆಟ್ಟಿಲಲ್ಲಿ ಜಾರಿದೆ ಎಂದೆ. ಲಿನ್ ಆಂಟಿ ನನ್ನ ಊದಿದ ಕಣ್ಣು ನೋಡಿದರು. ಜ್ಯೇಷ್ಠಮಧು, ಶುಂಠಿ ಹಾಕಿ ಕುದಿಸಿದ ಕಷಾಯ ಕೊಟ್ಟು, ನಮ್ಮಿಬ್ಬರ ಅರೆಬರೆ ಇಂಗ್ಲಿಷಿನಲ್ಲಿ, "ನನ್ನ ಸೀಲಿಂಗ್ ತೆಳು. ಎಲ್ಲ ಕೇಳಿಸುತ್ತದೆ," ಎಂದರು.

ಒಂದು ದಿನ ನಾನೇ ಕೇಳಿಬಿಟ್ಟೆ. ನಮ್ಮಲ್ಲಿ ವತ್ಸನಾಭಿ ಎಂಬ ವಿಷದ ಬೇರಿದೆ, ನಿಮ್ಮ ಔಷಧಿಯಲ್ಲೂ ಅದು ಇದೆಯಂತೆ, ಕೊಡುತ್ತೀರಾ?

ಅವರು ಅಂಗಡಿಯ ಬಾಗಿಲು ಹಾಕಿಕೊಂಡು ಬಂದರು.

"ಯಾರಿಗೆ? ನಿನಗಾ, ಅವನಿಗಾ?"

"ಗೊತ್ತಿಲ್ಲ."

"ಅದನ್ನು ನಾನು ಇಡುವುದಿಲ್ಲ. ನನ್ನಪ್ಪ ದಿನಾ ಅಮ್ಮನ ತಲೆ ಗೋಡೆಗೆ ಚಚ್ಚುತ್ತಿದ್ದ. ಅಮ್ಮ ಒಂದು ದಿನ ಅವನ ಸೂಪಿಗೆ ಆ ಬೇರು ಹಾಕಿದಳು. ಅವತ್ತು ಅವನಿಗೆ ಯಾಕೋ ಪ್ರೀತಿ ಉಕ್ಕಿತು. ಮೊದಲ ಚಮಚ ನನ್ನ ತಮ್ಮನಿಗೆ ಕುಡಿಸಿದ." ಮತ್ತೆ ಬಾಗಿಲು ತೆರೆಯುತ್ತ, "ನಾಲ್ಕು ವರ್ಷ ಅವನಿಗೆ," ಎಂದರು.

ಮುಂದಿನ ಶನಿವಾರ ಮಧ್ಯಾಹ್ನ ನನ್ನ ಗಂಡ ಜಡೆ ಹಿಡಿದು ನನ್ನನ್ನು ಮೆಟ್ಟಿಲ ಮೇಲಿಂದ ಕೆಳಗೆ ಎಳೆದುಕೊಂಡು ಬಂದ. ಬೀದಿಬಾಗಿಲಿನಲ್ಲಿ ಲಿನ್ ಆಂಟಿ ಅಡ್ಡ ನಿಂತರು. ಅವನು ಮುಷ್ಟಿ ಬಿಗಿದು ಅವರ ದವಡೆಗೆ ಗುದ್ದಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವರು ಬಿದ್ದರು, ಎದ್ದರು, ಒಳಗೆ ಹೋದರು. ಬಾಯಿಂದ ರಕ್ತ ಸುರಿಯುತ್ತಿತ್ತು. ಹಲಗೆಯ ಕೀಲು ಕಿತ್ತು ಕತ್ತಿಯನ್ನೇ ಎತ್ತಿಕೊಂಡು ಬಂದು ಬೀಸಿದರು. ಅದು ಅವನ ಕಿವಿಯ ಪಕ್ಕ ಬಾಗಿಲ ಚೌಕಟ್ಟಿನಲ್ಲಿ ಕಚ್ಚಿ ನಿಂತಿತು. ಅವನು ನನ್ನ ಜಡೆ ಬಿಟ್ಟ. ಎದುರು ಮನೆಯ ವಿದ್ಯಾರ್ಥಿಗಳು ಪೊಲೀಸರಿಗೆ ಫೋನ್ ಮಾಡಿದ್ದರು.

ಕೋರ್ಟಿನಲ್ಲಿ ಸರ್ಕಾರದ ಕಡೆಯ ವಕೀಲರು ಲಿನ್ ಆಂಟಿಯನ್ನು, "ಬರೀ ಹೆದರಿಸಲೆಂದು ಬಾಗಿಲಿಗೆ ಹೊಡೆದಿರಾ?" ಎಂದು ಕೇಳಿದರು.

"ಇಲ್ಲ, ಅವನಿಗೇ ಹೊಡೆದೆ. ಕಣ್ಣು ಮಂಜಾಗಿತ್ತು, ಗುರಿ ತಪ್ಪಿತು."

ಅವನಿಗೆ ಜೈಲಾಯಿತು. ನಾನು ಲೀಡ್ಸ್‌ಗೆ ಕೆಲಸಕ್ಕೆಂದು ಹೊರಟ ದಿನ ಲಿನ್ ಆಂಟಿ ರೈಲ್ವೆ ಸ್ಟೇಷನ್ನಿಗೆ ಬಂದರು. ದವಡೆ ಸೊಟ್ಟಗೇ ಕೂಡಿಕೊಂಡಿತ್ತು, ಮಾತು ತೊದಲುತ್ತಿತ್ತು. "ತಪ್ಪಿದ್ದು ಒಳ್ಳೆಯದಾಯಿತು ಆಂಟಿ," ಎಂದೆ.

"ಹೌದು," ಎಂದರು. "ಬೆಳಿಗ್ಗೆ ಎದ್ದಾಗ ಹಾಗೇ ಅನ್ನಿಸುತ್ತದೆ. ಊಟ ಅಗಿಯುವಾಗ ಮಾತ್ರ ತಪ್ಪಬಾರದಿತ್ತು ಅನ್ನಿಸುತ್ತದೆ."

ಅದೇ ಕೊನೆ. ಆ ಚಳಿಗಾಲ ಅವರು ತೀರಿಕೊಂಡರೆಂದು ಅವರ ಅಕ್ಕನ ಮಗ ಫೋನ್ ಮಾಡಿದಾಗ ನಾನು ವೃದ್ಧರ ಕೇರ್ ಹೋಮಿನಲ್ಲಿ ಕೆಲಸದಲ್ಲಿದ್ದೆ, ಒಬ್ಬ ಅಜ್ಜಿಗೆ ಸ್ವೆಟರ್ ತೊಡಿಸುತ್ತಿದ್ದೆ. ಎರಡನೇ ತೋಳನ್ನೂ ಹಾಕಿ, ಗುಂಡಿಗಳನ್ನೆಲ್ಲ ಹಾಕಿ ಮುಗಿಸಿ, ಆಮೇಲೆ ಹೊರಗೆ ಬಂದು ಅತ್ತೆ.