ಮಂಗಳವಾರದ ಗಿರಾಕಿಗಳು

ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ನಡೀತಿದ್ದ ಕಾಲ. ಕಾರ್ಗಲ್‌ನ ನನ್ನ ಕ್ಷೌರದಂಗಡಿಯಲ್ಲಿ ಭಾನುವಾರ ಬಂತೆಂದರೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಂಥ ಒಂದು ಭಾನುವಾರ ಒಬ್ಬರು ಮಗನನ್ನು ಕರಕೊಂಡು ಬಂದರು. ಮೀಸೆ ಚಿಗುರಿದ್ದರೂ ಮಾತು ಸರಿಯಾಗಿ ಬಾರದ ಹುಡುಗ. ಬುದ್ಧಿ ಬೆಳೆದಿಲ್ಲ ಅಂತ ಜನ ಆಡಿಕೊಳ್ಳುತ್ತಿದ್ದರು. ನನ್ನ ಕತ್ತರಿ ಕಚಕಚ ಅಂದದ್ದೇ ತಡ, ಕಿವಿ ಮುಚ್ಚಿಕೊಂಡು ಕಿರುಚಿದ. ಬೆಂಚಿನ ಮೇಲಿದ್ದವರು ನಕ್ಕರು.

"ಬಿಡಿ, ಮನೇಲೇ ಹೆಂಗಾದ್ರೂ ಮಾಡ್ಕೋತೀನಿ" ಅಂತ ಅಪ್ಪ ಮುಖ ಸಣ್ಣಗೆ ಮಾಡಿಕೊಂಡು ಹೊರಟರು.

ಪಕ್ಕದ ಕುರ್ಚಿಯಲ್ಲಿ ನನ್ನ ತಮ್ಮನ ಹತ್ತಿರ ಗಡ್ಡ ಮಾಡಿಸಿಕೊಳ್ಳುತ್ತಿದ್ದವರು ನೊರೆ ಮುಖದಲ್ಲೇ ಎದ್ದರು.

"ಸ್ವಾಮಿ, ಆ ಸದ್ದು ಅವನಿಗೆ ಆಗಲ್ಲ. ನನ್ನ ಮಗನೂ ಹಿಂಗೇ. ಮನೇಲಿ ನಾನೇ ಅವನ ಕೂದ್ಲು ಕತ್ತರಿಸೋದು. ಮೊದ್ಲು ನನ್ನ ತಲೆ ಮೇಲೆ ಕತ್ತರಿ ಆಡಿಸಿ ತೋರಿಸ್ತೀನಿ, ಆಮೇಲೆ ಅವನ ತಲೆ ಮುಟ್ತೀನಿ."

"ನಿಮ್ಮನೇಲೂ ಇದಾನಾ?" ಅಂದರು ಇವರು, ಕಳೆದುಹೋದ ಅಣ್ಣ ಸಿಕ್ಕಿದ ಹಾಗೆ.

ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಿಗಿಳಿದರು. ಗಡ್ಡದ ನೊರೆ ಒಣಗಿತು. ಕೊನೆಗೆ ಬಂದು, ಮಂಗಳವಾರ ಅಂಗಡಿ ತೆಗೀತೀರಾ ಅಂತ ಕೇಳಿದರು.

ನನಗೆ ರೇಗಿತು. "ಮಂಗಳವಾರ ಯಾರಾದ್ರೂ ಕ್ಷೌರ ಮಾಡಿಸ್ತಾರೇನ್ರೀ?"

"ಯಾರೂ ಮಾಡ್ಸಲ್ಲ. ಹಂಗಾಗಿ ನಗೋರೂ ಇರಲ್ಲ" ಅಂದರು ನೊರೆಯವರು.

ತೆಗೆದೆ. ಒಬ್ಬ ಹುಡುಗನ ಕ್ಷೌರವನ್ನು ಇನ್ನೊಬ್ಬ ನೋಡುತ್ತಾ ಕೂತ. ಬರಬರುತ್ತಾ ಕಿರುಚಾಟ ಕಮ್ಮಿಯಾಯಿತು. ಆಮೇಲೆ ತಾಯಂದಿರೂ ಬಂದರು, ತಾಳಗುಪ್ಪದಿಂದ ಇನ್ನೊಂದು ಮನೆಯವರೂ ಬಂದರು. ಹಟ ಹಿಡಿದರೆ ಏನು ಮಾಡ್ತೀರಿ, ಮದುವೆಮನೆಗೆ ಕರಕೊಂಡು ಹೋಗ್ತೀರಾ ಅಂತ ಮಾತೇ ಮಾತು. ಕತ್ತರಿಸಲು ಕೂದಲೇ ಇಲ್ಲದ ವಾರವೂ ತಪ್ಪಿಸುತ್ತಿರಲಿಲ್ಲ.

ಅಂಗಡಿ ನನ್ನದೇ. ಆದರೆ ಮಂಗಳವಾರ ನನಗೆ ಕೂರಲು ಸಿಗುತ್ತಿದ್ದದ್ದು ಮೆಟ್ಟಿಲು ಮಾತ್ರ.