ಗೋಡೆಯೊಳಗಿನ ಬಾಣಂತಿ

ತಲೆಯ ಮೇಲೆ ಗಾರೆಯ ಬುಟ್ಟಿ ಇದ್ದರೂ ಹುಲಿಗೆವ್ವ ನಿದ್ದೆಯಲ್ಲಿ ನಡೆದಂತೆ ನಡೆಯುತ್ತಿದ್ದಳು. ಸುರಪುರದ ಕಡೆಯವಳು. ಎಂಬತ್ತೊಂದರಲ್ಲಿ ಮರಾಠಿ ಸೀಮೆಯ ಕೋಥರೂಡದಲ್ಲಿ ನಮ್ಮ ಸೊಸೈಟಿಯ ಕಟ್ಟಡ ಏಳುತ್ತಿದ್ದಾಗ ಅಲ್ಲೇ ತಗಡಿನ ಶೆಡ್ಡಿನಲ್ಲಿ ಗಂಡ ಭೀಮಣ್ಣನ ಜೊತೆ ಇದ್ದಳು. ನಮ್ಮವರು ಕಚೇರಿಯ ಗುಮಾಸ್ತರು, ಅವರಿಗೆ ಪುರುಸೊತ್ತಿಲ್ಲ. ನನಗೋ ತಡೆದುಕೊಳ್ಳುವ ಗುಣವಿಲ್ಲ. ಮನೆ ಎಷ್ಟು ಎದ್ದಿತು ನೋಡೋಣವೆಂದು ಮಧ್ಯಾಹ್ನ ಬಸ್ಸು ಹಿಡಿದು ಹೋಗಿಬಿಡುತ್ತಿದ್ದೆ. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವಳ ಪಕ್ಕ ಕೂತುಬಿಟ್ಟೆ.

ಆ ಮಧ್ಯಾಹ್ನಗಳು ಈಗಲೂ ಕನಸಿನಂತೆ ಬರುತ್ತವೆ. ಗುಡ್ಡದ ಕಡೆಯಿಂದ ಬಿಸಿ ಗಾಳಿ, ಗಾಳಿಯಲ್ಲಿ ಸುಣ್ಣದ ಧೂಳು, ಧೂಳಿನಲ್ಲಿ ತೇಲುವ ಬಿಸಿಲು. ಸಿಮೆಂಟು ಸಿಗದೆ ಕೆಲಸ ನಿಂತಿತ್ತು. ಗೋಡೆ ಕಟ್ಟುವವರು ನಿಲ್ಲಲೆಂದು ಹೂಡಿದ ಬಿದಿರಿನ ಸಾರುವೆ ಖಾಲಿಯಾಗಿತ್ತು. ಮೇಲಿನ ಸಾಲಿನಲ್ಲಿ ಬಿದಿರು ಕಿತ್ತಲ್ಲೆಲ್ಲ ಗೋಡೆಗೆ ಮುಷ್ಟಿಯಷ್ಟು ತೂತು. ಸಾರುವೆ ಇಳಿಸುತ್ತ ಆ ತೂತುಗಳನ್ನು ಮುಚ್ಚುವುದು ಹುಲಿಗೆವ್ವನ ಕೆಲಸ. ಅಷ್ಟರಲ್ಲಿ ಗುಬ್ಬಿಗಳು ಬಂದು ಸೇರಿಕೊಂಡವು. ನಾವಿನ್ನೂ ಬೀಗದ ಕೈ ಕಂಡಿರಲಿಲ್ಲ, ಇವು ಆಗಲೇ ಗೃಹಪ್ರವೇಶ ಮುಗಿಸಿ ಮರಿಯನ್ನೂ ಮಾಡಿದ್ದವು! ಕಣ್ಣು ಮುಚ್ಚಿ ಕೂತರೆ ಗೋಡೆಯೇ ಚಿಂವ್ ಚಿಂವ್ ಎನ್ನುತ್ತಿತ್ತು.

ಸಿಮೆಂಟು ಬಂತು. ಠೇಕೇದಾರ ಹರಿಶ್ಚಂದ್ರ ಶೇಠ ಮರಾಠಿಯಲ್ಲಿ ಗುಡುಗಿ ಹೋದ. ಪಾಡವಾ, ಅಂದರೆ ನಮ್ಮ ಯುಗಾದಿಗೆ ಜನ ಹೊಸ ಮನೆ ಹೊಗುತ್ತಾರೆ; ಅಷ್ಟರೊಳಗೆ ಸಾರುವೆ ಇಳಿಯಬೇಕು, ಒಂದು ತೂತು ಉಳಿದರೂ ಮುಚ್ಚುವವಳ ಕೂಲಿ ಹೋಯಿತೆಂದೇ ಲೆಕ್ಕ.

ಕೂಲಿಯವರನ್ನು ಊರಿನಿಂದ ಕರೆತಂದ ಮುಕಾದಮ ಮುರುಗೆಪ್ಪ. "ಮುಚ್ಚವಾ, ಹುಲಿಗೆವ್ವಾ," ಅಂದ.

"ಒಳಗ ಬಾಣಂತಿ ಅದಾಳ, ಕಾಕಾ."

"ಗುಬ್ಬಿ ಅದು, ಹುಚ್ಚಿ!"

"ಯಾರರ ಆಗ್ಲಿ," ಅಂದವಳು ಬುಟ್ಟಿ ಕೆಳಗಿಟ್ಟಳು.

ಅವನು ಹೋದ ಮೇಲೆ ನನಗೆ ಹೇಳಿದಳು. "ಚಿಂಚವಾಡದಾಗ ಕೆಲಸ ಮುಗದಾಗ ನಾ ಹಸಿ ಬಾಣಂತಿರಿ, ಅಕ್ಕಾರ. ಈ ಕಾಕಾನೇ ನಮ್ಮ ಶೆಡ್ಡಿನ ತಗಡು ಬಿಚ್ಚಿದ. ಮಳ್ಯಾಗ ಲಾರಿ ಮ್ಯಾಲ ಕುಂದ್ರಿಸಿದ್ರು. ನನ್ನ ಕೂಸು ಈ ಊರು ನೋಡ್ಲೇ ಇಲ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಮುರುಗೆಪ್ಪನ ಮುಖಕ್ಕೆ ಛೀಮಾರಿ ಹಾಕಿ ಬರುತ್ತೇನೆಂದು ಎದ್ದೆ. ಸುಣ್ಣ ತಿಂದ ಕೈಯಿಂದ ನನ್ನ ಸೆರಗು ಹಿಡಿದು ಕೂರಿಸಿದಳು.

ಅವರ ಕಡೆ ಬಾಣಂತಿ ಇರುವ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸುತ್ತಾರೆ. ಅದನ್ನು ಕಂಡ ಹೊರಗಿನವರು ಹೊಸ್ತಿಲು ತುಳಿಯುವುದಿಲ್ಲ, ತಾಯಿಯನ್ನು ಎಬ್ಬಿಸುವುದಿಲ್ಲ. ಮರುದಿನ ನಾನು ಹೋಗಿ ನೋಡುತ್ತೇನೆ, ಮರಿಗಳಿದ್ದ ಒಂದೊಂದು ತೂತಿನ ಪಕ್ಕವೂ ಬೇವಿನ ಚಿಗುರು! ಗಾರೆಯವರೆಲ್ಲ ಆ ಕಡೆಯವರೇ, ಒಬ್ಬನೂ ಕರಣೆ ಎತ್ತಲೊಲ್ಲ. ಮುರುಗೆಪ್ಪ ಎಲ್ಲರನ್ನೂ ಬೈದು ತಾನೇ ಹತ್ತಿದ. ಸೊಪ್ಪಿನ ಮುಂದೆ ಬಹಳ ಹೊತ್ತು ನಿಂತ. ಕೀಳಲು ಅವನಿಗೂ ಕೈ ಬರಲಿಲ್ಲ, ತಲೆ ತಗ್ಗಿಸಿ ಇಳಿದುಬಂದ.

ಅದೇ ಹೊತ್ತಿಗೆ ಶೇಠ ಬರಬೇಕೇ! ಆಯಿತು, ಇವಳ ಅನ್ನಕ್ಕೆ ಕಲ್ಲು ಬಿತ್ತು ಅಂದುಕೊಂಡೆ. ಶೇಠ ಕತ್ತೆತ್ತಿ ನೋಡಿದ. ಮರಾಠಿ ಜನ ಪಾಡವಾ ದಿನ ಮನೆಮುಂದೆ ನಿಲ್ಲಿಸುವ ಗುಡಿ ಎಂಬ ಬಾವುಟದ ಕೋಲಿಗೆ ಬೇವು ಕಟ್ಟುತ್ತಾರಲ್ಲ, ಅವನ ಮುಖ ಅರಳಿತು. "ವಾ ವಾ! ಪಾಡವ್ಯಾಚೀ ತಯಾರಿ!" ಹಬ್ಬ ಮುಗಿಯುವ ತನಕ ಆ ಸೊಪ್ಪಿಗೆ ಯಾರೂ ಕೈ ಹಚ್ಚಬಾರದೆಂದು ಅವನೇ ಅಪ್ಪಣೆ ಕೊಟ್ಟು ಹೋದ. ನಗು ತಡೆಯಲು ನಾನು ಬಾಯಿಗೆ ಸೆರಗು ತುರುಕಿಕೊಂಡೆ.

ಸಾರುವೆ ಹಬ್ಬಕ್ಕೆ ಮೊದಲೇ ಇಳಿಯಿತು. ಆಮೇಲೆ ಅಷ್ಟೆತ್ತರ ಹತ್ತಿ ತೂತು ಮುಚ್ಚುವವರು ಯಾರು? ನಾವು ಒಳಗೆ ಬಂದೆವು, ತಗಡು ಬಿಚ್ಚಿಕೊಂಡು ಅವರು ಹೊರಟರು. ಹುಲಿಗೆವ್ವ ಲಾರಿಯ ಮೇಲಿಂದ ಗೋಡೆಯನ್ನೇ ನೋಡುತ್ತಿದ್ದಳು. ಅಂದಿನಿಂದ ನಮ್ಮನ್ನು ಎಬ್ಬಿಸುವುದು ಆ ಗೋಡೆಯೇ. ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದರೆ ಮನೆ ನಮ್ಮದೋ ಅವುಗಳದೋ ಎಂದು ನನಗೆ ತಿಳಿಯುತ್ತಿರಲಿಲ್ಲ.

ಒಂದೆರಡು ವರ್ಷ ಕಳೆಯಿತು. ಮಳೆಗಾಲದಲ್ಲೊಂದು ದಿನ ಭೀಮಣ್ಣ ಬಂದು, ಹುಲಿಗೆವ್ವ ಹೆತ್ತಿದ್ದಾಳೆಂದ. ಪೌಡ ರಸ್ತೆಯಾಚೆ ಹೊಸ ಕಟ್ಟಡದ ಹತ್ತಿರ ಇದ್ದರಂತೆ. ಅಂಟಿನುಂಡೆ ಕಟ್ಟಿಕೊಂಡು ಓಡಿದೆ. ಹೋಗಿ ನೋಡಿದರೆ ಅಲ್ಲಿಯ ಕೆಲಸ ಮುಗಿದಿತ್ತು. ಶೆಡ್ಡುಗಳನ್ನು ಕಿತ್ತಿದ್ದರು, ತಗಡು ಲಾರಿ ಏರಿತ್ತು. ಅಯ್ಯೋ ಶಿವನೇ, ಮತ್ತೆ ಅದೇ ಆಯಿತೇ ಎಂದು ಬಯಲೆಲ್ಲ ಹುಡುಕಾಡಿದೆ.

ಜಿಟಿಜಿಟಿ ಮಳೆಯ ಮಬ್ಬಿನಲ್ಲಿ, ಬಯಲಿನ ತುದಿಗೆ, ಒಂದೇ ಒಂದು ಶೆಡ್ಡು ನಿಂತಿತ್ತು. ಬಾಗಿಲಿಗೆ ಬೇವಿನ ಸೊಪ್ಪು. ಹೊರಗೆ ಗೋಣಿಚೀಲ ಹೊದ್ದುಕೊಂಡು ಮುರುಗೆಪ್ಪ ಕೂತಿದ್ದ.

"ಬೇವಿನ ತಪ್ಪಲ ಯಾರು ಕಟ್ಟಿದ್ರೋ, ಮುರುಗೆಪ್ಪಾ?"

"ನಾನರಿ."

"ಶೇಠ ಕೇಳಿದ್ರ ಏನಂತಿ?"

"ಪಾಡವಾಕ್ಕ ಅಂತೀನ್ರಿ."

"ಪಾಡವಾ ಎಂದೋ ಆತಲ್ಲೋ!"

"ಮುಂದಿನ ಪಾಡವಾಕ್ಕರಿ," ಅಂದು ಮುಖ ಆ ಕಡೆ ತಿರುಗಿಸಿದ.

ಒಳಗೆ ಕೂಸು ಅತ್ತಿತು. ನನಗೂ ಅಳು ಉಕ್ಕಿ ಬಂತು. ಹೊಸ್ತಿಲು ತುಳಿಯದೆ ಉಂಡೆಯ ಗಂಟನ್ನು ಒಳಗೆ ಸರಿಸಿ, ನಾನೂ ಮುರುಗೆಪ್ಪನ ಪಕ್ಕ ಮಳೆಯಲ್ಲಿ ಕೂತೆ.